ನೆಲಕ್ಕೆ ನೆಲ

ಬಾಡಿಗೆಗೆ ತಂದ ಪ್ಲಾಸ್ಟಿಕ್ ಕುರ್ಚಿಗಳನ್ನು ಒಂದರೊಳಗೊಂದು ಸಿಕ್ಕಿಸಿ, ಆ ಪೇರನ್ನು ಎರಡೂ ತೋಳಲ್ಲಿ ಅವುಚಿಕೊಂಡು ಲಿಫ್ಟಿನಲ್ಲಿ ಮೇಲೆ ಬರುತ್ತಿದ್ದ ಅವಳಿಗೆ ತನ್ನ ಮೇಲೆ ತನಗೇ ನಾಚಿಕೆಯಾಯಿತು. ಬೆಳಗಿನಿಂದ ಕಣ್ಣಲ್ಲಿ ಒಂದು ಹನಿ ನೀರು ಬಂದಿರಲಿಲ್ಲ. ಅಪ್ಪ ಹೋದ ದಿನ ಮಗಳಾದವಳು ಅಪ್ಪನನ್ನು ನೆನೆಯಬೇಕು. ಇವಳು ನೆನೆಯುತ್ತಿದ್ದದ್ದು ತನ್ನ ಅಂಗಾಲನ್ನು.

ಗಡಿಬಿಡಿಯಲ್ಲಿ ಚಪ್ಪಲಿ ಮೆಟ್ಟದೆ ಕೆಳಗಿಳಿದಿದ್ದಳು. ಲಿಫ್ಟು ಈಗ ಮೇಲಿನ ಮಹಡಿಗೆ ಬಂದು ನಿಂತಿತು, ಮೋಟರಿನ ಸದ್ದು ಅಡಗಿತು. ಎಲ್ಲ ಮುಗಿಯಿತು ಅನ್ನುವಾಗ ಪಾದದ ಕೆಳಗಿನ ನೆಲ ಕೂದಲೆಳೆಯಷ್ಟು ಮೇಲೆದ್ದಿತು. ಕೆಳಗಿನಿಂದ ಯಾರೋ ಅಂಗೈ ಕೊಟ್ಟು ಎತ್ತಿದ ಹಾಗೆ. ಕಂಬಿಬಾಗಿಲು ಸರಿಸಿ ಹೊರಗೆ ಕಾಲಿಟ್ಟಳು. ಹೊರಗಿನ ನೆಲ ಒಂದು ಬೆರಳಿನ ದಪ್ಪ ಕೆಳಗಿತ್ತು.

'ನಿಂತ ಮೇಲೂ ಲಿಫ್ಟು ನಿಲ್ಲಲಿಲ್ಲ' ಎಂದು ದಿನಚರಿಗೆ ಬರೆಯುವವಳ ಹಾಗೆ ಮನಸ್ಸಿನಲ್ಲೇ ಒಂದು ಸಾಲು ಬರೆದಳು. ಮರುಕ್ಷಣವೇ ಹೊಡೆದು ಹಾಕಿದಳು. ಸಾವಿನ ಮನೆಯಲ್ಲಿ ಇಂಥದ್ದನ್ನು ಹೇಳಿದರೆ ತಲೆಗಿಲೆ ಕೆಟ್ಟಿದೆಯೇ ಅಂದಾರು. ಅಷ್ಟಕ್ಕೂ ಅವಳು ಬಾಯಿ ಬಿಡುವ ಪೈಕಿಯೇ ಅಲ್ಲ. ಪದವಿಯ ಮೌಖಿಕ ಪರೀಕ್ಷೆಯಲ್ಲಿ ಉತ್ತರ ಗೊತ್ತಿದ್ದೂ ಮೇಜಿನ ಮೂಲೆಯನ್ನೇ ನೋಡುತ್ತ ಕೂತಿದ್ದು, ಅಷ್ಟೇ ಮೌನವಾಗಿ ಎದ್ದು ಬಂದವಳು. ಉತ್ತರ ಗೊತ್ತಿತ್ತು, ನಿಜ. ಪೂರ್ತಿ ಗೊತ್ತಿತ್ತೇ ಎಂಬ ಅನುಮಾನವೂ ಇತ್ತು.

ಮೇಲಿನ ಮಹಡಿಯಲ್ಲಿ ಇದ್ದದ್ದು ಅವರದೊಂದೇ ಮನೆ. ಮನೆ ಅಂದರೆ ಒಂದು ಕೋಣೆ, ಒಂದು ಅಡುಗೆಮನೆ. ಲಿಫ್ಟು ನೋಡಿಕೊಳ್ಳುವವನ ಸಂಸಾರಕ್ಕೆಂದು ಕಟ್ಟಡದವರು ಬಿಟ್ಟುಕೊಟ್ಟದ್ದು. ಲಿಫ್ಟಿನ ಕೆಲಸ ಎಲ್ಲಿಯವರೆಗೋ ಮನೆ ಅಲ್ಲಿಯವರೆಗೆ. ಕೋಣೆಯಲ್ಲಿ ಅಪ್ಪನ ಕಬ್ಬಿಣದ ಮಂಚ, ಮಂಚದ ನೆತ್ತಿಗೆ ಸರಿಯಾಗಿ, ತಾರಸಿಯ ಮೇಲೆ, ಮೋಟರಿನ ಕೋಣೆ. ಲಿಫ್ಟು ಹೊರಟರೆ ಸೂರು ಗುಂಯ್‌ಗುಟ್ಟುತ್ತಿತ್ತು. ಅದು ಅವಳ ಜೋಗುಳ.

ಅಪ್ಪನನ್ನು ಮಂಚದ ಮೇಲೆಯೇ ಮಲಗಿಸಿ ಬಿಳಿ ಹೊದಿಕೆ ಹೊದಿಸಿದ್ದರು. ತಲೆಯ ಹತ್ತಿರ ಅಮ್ಮ. ಸುತ್ತ ಕಟ್ಟಡದ ಜನ, ಆಡಲಾರದೆ ಆಡುವ ಮಾತುಗಳು. ಅಪ್ಪನಿಗೆ ಅವರಿಟ್ಟ ಅಡ್ಡಹೆಸರು 'ಇನ್ನೊಂಚೂರು'. ಲಿಫ್ಟು ನಿಲ್ಲಿಸಿ ಕೆಲಸಕ್ಕೆ ಕೂತಾಗ, ಆಯ್ತೇನಪ್ಪಾ ಎಂದು ಯಾರು ಕೇಳಿದರೂ ಒಳಗಿನಿಂದ ಬರುತ್ತಿದ್ದ ಉತ್ತರ ಅದೊಂದೇ. ಅವನ ತಮ್ಮ, ಅಂದರೆ ಅವಳ ಚಿಕ್ಕಪ್ಪ, ಈಗ ಲಿಫ್ಟು ನೋಡಿಕೊಳ್ಳುವವನು. ಅವನ ಹೆಸರು 'ಆಯ್ತಾಯ್ತು'. ಅಣ್ಣತಮ್ಮಂದಿರನ್ನು ಈ ಎರಡು ಮಾತಿನಲ್ಲಿ ಅಳೆದು ಮುಗಿಸಿದ್ದರು ಜನ.

ಕಟ್ಟಡದ ಸಂಘದ ಕಾರ್ಯದರ್ಶಿ ಕುರ್ಚಿ ಎಳೆದು ಕೂತು, ಸತ್ತವರ ಬಗ್ಗೆ ಒಳ್ಳೆಯ ಮಾತೇ ಆಡಬೇಕಲ್ಲ ಎಂಬಂತೆ ಸ್ವಲ್ಪ ಹುಡುಕಿ, ಚಿಕ್ಕಪ್ಪನಿಗೆ ಹೇಳಿದರು: "ನಿಮ್ಮಣ್ಣನ ಕಾಲದಲ್ಲಿ ಲಿಫ್ಟು ನೋಡೋಕೆ ಬಹಳ ಚೆನ್ನಾಗಿತ್ತಪ್ಪ. ಹತ್ತೋಕೆ ಮಾತ್ರ ಸಿಗ್ತಿರ್ಲಿಲ್ಲ."

ಒಂದಿಬ್ಬರು ನಗು ನುಂಗಿದರು. ಅಮ್ಮನ ತುಟಿಯ ಕೊನೆಯೂ ಅಲುಗಿತು.

ಅಷ್ಟರಲ್ಲಿ ಕೆಳಗೆ ಯಾರೋ ಲಿಫ್ಟು ಹತ್ತಿದರು. ಸೂರು ಗುಂಯ್ ಅಂದಿತು, ನಿಂತಿತು. ನಿಂತ ಕ್ಷಣಕ್ಕೆ ಸರಿಯಾಗಿ ಮಂಚದ ಕಡೆಯಿಂದ ಸದ್ದು ಕೇಳಿಸಿತು: ಟಿಣ್. ಕಬ್ಬಿಣದ ಪಟ್ಟಿಗೆ ಉಗುರು ತಾಗಿದ ಸದ್ದು. ಆಮೇಲೆ, ಒಂದು ಉಸಿರು ಎಳೆದುಕೊಳ್ಳುವಷ್ಟು ಹೊತ್ತಿನ ಮೇಲೆ, ಮೇಲಿನಿಂದ ಬ್ರೇಕು ಬಿದ್ದ ಸದ್ದು: ಟಕ್.

ಅವಳು ಅಪ್ಪನ ಕೈ ನೋಡಿದಳು. ಎರಡೂ ಕೈ ಹೊದಿಕೆಯ ಕೆಳಗೆ ಎದೆಯ ಮೇಲಿದ್ದವು, ಇಟ್ಟವರು ಇಟ್ಟ ಹಾಗೆಯೇ. ಉಳಿದ ಯಾರಿಗೂ ಏನೂ ಕೇಳಿಸಿದಂತಿರಲಿಲ್ಲ. ಅಮ್ಮ ಮಾತ್ರ ತಲೆ ಎತ್ತಿ ಮಂಚದ ಪಟ್ಟಿಯನ್ನೇ ನೋಡುತ್ತಿದ್ದಳು.

* * *

ಅಪ್ಪ ಲಿಫ್ಟನ್ನು ಕಣ್ಣಿನಿಂದ ಪರೀಕ್ಷೆ ಮಾಡಿದವನಲ್ಲ. ಬೂಟು ಕಳಚಿ, ಕಾಲುಚೀಲವನ್ನು ಅದರೊಳಗೆ ತುರುಕಿ, ಬರಿಗಾಲಲ್ಲಿ ಒಳಗೆ ನಿಂತು ಕಣ್ಣು ಮುಚ್ಚುತ್ತಿದ್ದ. "ಕಣ್ಣಿಗೆ ದಾಕ್ಷಿಣ್ಯ ಇದೆ, ಅಂಗಾಲಿಗಿಲ್ಲ" ಅನ್ನುತ್ತಿದ್ದ. ಪ್ರತಿ ಮಹಡಿಯಲ್ಲೂ ಲಿಫ್ಟಿನ ನೆಲ ಕಟ್ಟಡದ ನೆಲಕ್ಕೆ ಕೂಡಬೇಕು. ನೆಲಕ್ಕೆ ನೆಲ. ಬೆರಳು ದಪ್ಪದ ವ್ಯತ್ಯಾಸ ಜಗತ್ತಿಗೆಲ್ಲ ನಡೆಯುತ್ತಿತ್ತು, ಅವನಿಗೆ ನಡೆಯುತ್ತಿರಲಿಲ್ಲ. ಅವಳು ಲಂಗ ತೊಡುತ್ತಿದ್ದ ಕಾಲದಲ್ಲಿ ಅವಳನ್ನೂ ಬರಿಗಾಲಲ್ಲಿ ಪಕ್ಕ ನಿಲ್ಲಿಸಿಕೊಂಡು ಮೇಲೆ ಕೆಳಗೆ ಓಡಾಡಿಸುತ್ತಿದ್ದ. ಈಗೇನಾಯ್ತು ಹೇಳು? ಕೆಳಗಿದೆಯಾ, ಮೇಲಿದೆಯಾ? ಅವಳು ಹೇಳಿದ್ದು ಸರಿಯಾದರೆ ಹೂಂ ಅನ್ನುತ್ತಿದ್ದ, ತಪ್ಪಾದರೆ ಸುಮ್ಮನಿರುತ್ತಿದ್ದ. ಆ ಸುಮ್ಮನಿರುವುದು ಬೈಗುಳಕ್ಕಿಂತ ಹೆಚ್ಚು ಹೊತ್ತು ಕಿವಿಯಲ್ಲಿ ಉಳಿಯುತ್ತಿತ್ತು. ಪೂರ್ತಿ ಖಾತ್ರಿಯಿಲ್ಲದ ಮಾತು ಆಡಬಾರದು ಎಂದು ಆ ಮನೆಯಲ್ಲಿ ಯಾರೂ ಯಾರಿಗೂ ಹೇಳಿಕೊಟ್ಟದ್ದಲ್ಲ, ಗಾಳಿಯಲ್ಲೇ ಇತ್ತು.

ಜನ ಪಟ್ಟ ಪಾಡೂ ಸುಳ್ಳಲ್ಲ. ಅವನು ಕೆಲಸಕ್ಕೆ ಕೂತ ದಿನ ತರಕಾರಿ ಚೀಲ, ಗ್ಯಾಸ್ ಸಿಲಿಂಡರು, ಹೆಗಲ ಮೇಲೆ ಮಲಗಿದ ಮಕ್ಕಳು, ಎಲ್ಲ ಮೆಟ್ಟಿಲ ಮೇಲೆಯೇ. ಎರಡನೇ ಮಹಡಿಯ ನಿವೃತ್ತ ಟೀಚರು ಮಂಡಿನೋವು ತಾಳಲಾರದೆ ಒಮ್ಮೆ ಮೆಟ್ಟಿಲಲ್ಲೇ ಕೂತು ಅತ್ತಿದ್ದರು. ಬಸುರಿ ಹೆಂಡತಿ ಅಷ್ಟೂ ಮಹಡಿ ಹತ್ತಿ ಬಂದು ಏದುಸಿರು ಬಿಡುವಾಗಲೂ ಇನ್ನೊಂಚೂರು ಅಂದ ಗಂಡಸು ಅವನು. "ನಾನು ಇವರನ್ನ ಕಟ್ಕೊಂಡೆ, ಇವರು ಲಿಫ್ಟನ್ನ ಕಟ್ಕೊಂಡ್ರು" ಎಂದು ಅಮ್ಮ ಬಂದವರ ಮುಂದೆಲ್ಲ ಹೇಳುತ್ತಿದ್ದಳು. "ಸವತಿ ಅಂದ್ರೆ ಅಂತಿಂಥ ಸವತಿಯಲ್ಲ, ಕಬ್ಬಿಣದ ಸವತಿ. ಮುಪ್ಪು ಕೂಡ ಬರಲ್ಲ ಅದಕ್ಕೆ."

ಅಪ್ಪನಿಗೆ ಉಸಿರಾಟದ ತೊಂದರೆ ಶುರುವಾಗಿ, ಮೋಟರಿನ ಕೋಣೆಯ ಕಬ್ಬಿಣದ ಏಣಿ ಹತ್ತಲಾಗದೆ ಹೋದಾಗ, ಸಂಘದವರು ಕೆಲಸವನ್ನು ಚಿಕ್ಕಪ್ಪನಿಗೆ ಕೊಟ್ಟರು. ಕೊಟ್ಟು ನಿಟ್ಟುಸಿರು ಬಿಟ್ಟರು. ಅವನ ಕೈಗೆ ಬಂದ ಮೇಲೆ ಲಿಫ್ಟು ನಿಂತ ದಿನವಿಲ್ಲ. ಬಂದ, ನೋಡಿದ, ಬಿಗಿದ, ಆಯ್ತು. ಹೋಗುವಾಗ ಟೀಚರ ಮಿಕ್ಸಿಯನ್ನೂ ಸರಿಮಾಡಿಕೊಟ್ಟು ಹೋಗುವವನು. ಅಣ್ಣನ ಸಂಸಾರವನ್ನು ಮನೆ ಬಿಡಿಸಲಿಲ್ಲ, ತಾನು ಬೇರೆ ಕಡೆ ಬಾಡಿಗೆಗಿದ್ದ. ಅಂಥವನನ್ನು ಯಾರು ತಾನೇ ಮೆಚ್ಚುವುದಿಲ್ಲ?

ಮಂಚ ಹಿಡಿದ ಅಪ್ಪ ಸೂರನ್ನೇ ಕೇಳುತ್ತ ಮಲಗಿರುತ್ತಿದ್ದ. ಲಿಫ್ಟು ನಿಲ್ಲುವ ಹೊತ್ತಿಗೆ ಬೆರಳಿನ ಉಗುರಿನಿಂದ ಮಂಚದ ಪಟ್ಟಿಯನ್ನು ತಟ್ಟುತ್ತಿದ್ದ. ಟಿಣ್. ಮೊದಮೊದಲು ಅವನ ಟಿಣ್ಣು, ಬ್ರೇಕಿನ ಟಕ್ಕು ಎರಡೂ ಒಂದೇ ಸದ್ದಾಗಿ ಕೇಳುತ್ತಿದ್ದವು. ಬರಬರುತ್ತ ಟಕ್ಕು ಹಿಂದೆ ಬಿತ್ತು. ಎರಡರ ನಡುವೆ ಸಣ್ಣದೊಂದು ಸಂದು, ದಿನದಿಂದ ದಿನಕ್ಕೆ ಅಗಲವಾಗುವ ಸಂದು. ಮುದುಕನ ಬೆರಳಿಗೆ ಅವಸರ ಅಂದಳು ಅಮ್ಮ. ಪಕ್ಕದಲ್ಲಿ ಕೂತ ಮಗಳು ಏನೂ ಅನ್ನಲಿಲ್ಲ. ಮಾತು ನಿಂತುಹೋಗಿದ್ದ ಅಪ್ಪ ತಟ್ಟಿದ ಮೇಲೆ ಅವಳ ಮುಖವನ್ನೇ ನೋಡುತ್ತಿದ್ದ, ಹಿಂದೆ ಲಿಫ್ಟಿನಲ್ಲಿ ಉತ್ತರಕ್ಕೆ ಕಾಯುತ್ತಿದ್ದ ಹಾಗೆ.

* * *

ಮಧ್ಯಾಹ್ನದ ಹೊತ್ತಿಗೆ ಜನ ಹೆಚ್ಚಾಗಿ, ಕೋಣೆ ಸಾಲದೆ, ಕುರ್ಚಿಗಳು ಲಿಫ್ಟಿನ ಮುಂದಿನ ಜಾಗಕ್ಕೆ ಬಂದವು. ಅದು ಹಳೆಯ ಕಾಲದ ಲಿಫ್ಟು. ಸುತ್ತ ಕಂಬಿಯ ಜಾಲರಿ, ಜಾಲರಿಯನ್ನು ಸುತ್ತಿಕೊಂಡು ಇಳಿಯುವ ಕಿರಿದಾದ ಮೆಟ್ಟಿಲು. ಬಗ್ಗಿ ನೋಡಿದರೆ ಬಾವಿಯಂತೆ ತಳದವರೆಗೂ ಕಾಣುತ್ತಿತ್ತು. ಕಾರ್ಯದರ್ಶಿ ಲಿಫ್ಟಿನಲ್ಲಿ ಕೆಳಗಿಳಿದು, ಬಾಗಿಲು ಹಾಕಿ, ಗಾಡಿ ಬಂತೇ ಎಂದು ನೋಡಲು ರಸ್ತೆಗೆ ಹೋಗಿದ್ದರು.

ಅವಳು ಟೀಚರಿಗೆ ನೀರು ಕೊಟ್ಟು ತಿರುಗುವಾಗ ಜಾಲರಿಯೊಳಗಿನ ಕತ್ತಲು ಸ್ವಲ್ಪ ತಿಳಿಯಾದಂತೆ ಕಂಡಿತು. ದೀಪ ಹೊತ್ತಿದ ಖಾಲಿ ಲಿಫ್ಟು ಮೇಲಕ್ಕೆ ಬರುತ್ತಿತ್ತು. ಸೂರು ಗುಂಯ್ ಅನ್ನಲಿಲ್ಲ. ಮೋಟರು ಓಡುತ್ತಿರಲಿಲ್ಲ. ಹಗ್ಗಗಳು ಮಾತ್ರ ಸದ್ದಿಲ್ಲದೆ ಸರಿಯುತ್ತಿದ್ದವು. ನಿದ್ದೆಯಲ್ಲಿ ನಡೆಯುವವರ ಹಾಗೆ ಲಿಫ್ಟು ಒಂದೊಂದೇ ಮಹಡಿಯನ್ನು ದಾಟಿ, ಯಾವ ಮಹಡಿಯಲ್ಲೂ ನಿಲ್ಲದೆ ಬಂದು, ಅವರೆಲ್ಲರ ಮುಂದೆ, ಬಾಗಿಲಿಗಿಂತ ತುಸು ಎತ್ತರದಲ್ಲಿ, ಹೊಯ್ದಾಡಿ ನಿಂತಿತು.

ಗುಂಡಿ ಒತ್ತಿದ್ದು ಯಾರು ಎಂದು ಟೀಚರು ಮೆಲ್ಲಗೆ ಕೇಳಿದರು. ಯಾರೂ ಒತ್ತಿರಲಿಲ್ಲ. ಎಲ್ಲಿಂದಲೋ ಮುಖಕ್ಕೆ ಹಚ್ಚುವ ಪೌಡರಿನ ನವಿರಾದ ಪರಿಮಳ ತೇಲಿ ಬಂತು. ಮನೆಯಲ್ಲಿ ಪೌಡರು ಹಚ್ಚುವವರು ಯಾರೂ ಇರಲಿಲ್ಲ. ಯಾರದೋ ಕೈ ಇನ್ನಾರದೋ ಕೈಯನ್ನು ಹಿಡಿದುಕೊಂಡಿತು.

"ಅಣ್ಣ ಕರೆಸ್ಕೊಂಡ" ಎಂದ ಚಿಕ್ಕಪ್ಪ. ಅವನ ದನಿ ಒಡೆದಿತ್ತು.

ಆ ಮಾತು ಬಾಯಿಂದ ಬಾಯಿಗೆ ಹೋಗಿ, ಕೋಣೆಯೊಳಗೆ ಹೊಕ್ಕು, ಅಮ್ಮನನ್ನು ಮುಟ್ಟುವ ಹೊತ್ತಿಗೆ ನಂಬಿಕೆಯಾಗಿಬಿಟ್ಟಿತ್ತು. ಯಜಮಾನನನ್ನು ಕರೆದೊಯ್ಯಲು ಲಿಫ್ಟೇ ಬಂದಿದೆ. ಜೀವಮಾನವೆಲ್ಲ ಸಾಕಿದ ಋಣ. ಅಮ್ಮ ಈಗ ಮೊದಲ ಬಾರಿ ಬಿಕ್ಕಿಬಿಕ್ಕಿ ಅತ್ತಳು. "ಎಷ್ಟು ಸಲ ನನ್ನ ಮೆಟ್ಟಿಲು ಹತ್ತಿಸಿದ್ರು. ಇವತ್ತು ತಾನಾಗೇ ಬಂದಿದೆ. ಅದರಲ್ಲೇ ಹೋಗ್ಲಿ ಬಿಡಿ."

ಅವಳು ಮಾತ್ರ ಜಾಲರಿ ಹಿಡಿದು ನಿಂತೇ ಇದ್ದಳು. ಬಾವಿಯಂಥ ಕತ್ತಲಲ್ಲಿ, ಹಿಂದಿನ ಗೋಡೆಗೆ ಅಂಟಿಕೊಂಡಂತೆ, ಲಿಫ್ಟಿಗೆ ಎದುರುಭಾರವಾಗಿ ಕಟ್ಟಿದ ಕಬ್ಬಿಣದ ಗಟ್ಟಿಗಳು ತಳಕ್ಕೆ ಇಳಿದು ಕೂತಿದ್ದವು. ಅಪ್ಪ ಹೇಳಿದ್ದ: "ಖಾಲಿ ಲಿಫ್ಟಿಗೆ ಮೇಲೆ ಹೋಗೋ ಆಸೆ, ಯಾಕಂದ್ರೆ ಆ ಗಟ್ಟಿ ಅದಕ್ಕಿಂತ ಭಾರ. ತುಂಬಿದ ಲಿಫ್ಟಿಗೆ ಕೆಳಗೆ ಹೋಗೋ ಆಸೆ. ಎರಡಕ್ಕೂ ಬೇಡ ಅನ್ನೋದು ಬ್ರೇಕು."

ಬೇಡ ಅನ್ನುವವರು ಇಲ್ಲವಾಗಿದ್ದರು. ಇದು ದೆವ್ವವೇ ಆಗಿದ್ದರೆ ಎಷ್ಟು ಚೆನ್ನಾಗಿತ್ತು ಅನ್ನಿಸಿತು ಅವಳಿಗೆ.

* * *

ಯಾರೂ ನೋಡದ ಹೊತ್ತು ಏಣಿ ಹತ್ತಿ ತಾರಸಿಗೆ ಹೋದಳು. ಮೋಟರಿನ ಕೋಣೆಯ ಬಾಗಿಲು ತೆರೆದ ಕೂಡಲೇ ಪೌಡರಿನ ವಾಸನೆ ಗಪ್ಪೆಂದು ಹೊಡೆಯಿತು. ಅದರ ಅಡಿಯಲ್ಲಿ ಸುಟ್ಟ ಎಣ್ಣೆಯ ವಾಸನೆ. ಮೋಟರಿಗೂ ಹಗ್ಗ ಓಡುವ ಗಾಲಿಗೂ ನಡುವೆ ಬ್ರೇಕಿನ ಉರುಳೆ. ಅದರ ಎರಡು ಬದಿಗೆ ಎರಡು ತೋಳು, ತೋಳಿನೊಳಗೆ ಉರುಳೆಯನ್ನು ಅವುಚಿ ಹಿಡಿಯುವ ಪಟ್ಟಿ. ಪಟ್ಟಿ ಸವೆದು ತಗಡಿನ ಹಾಗಾಗಿತ್ತು. ಮೇಲಿನಿಂದ ಎಣ್ಣೆ ಜಿನುಗಿ ಉರುಳೆಯ ಮೇಲೆ ಹರಿದಿತ್ತು. ಆ ಎಣ್ಣೆಯ ಮೇಲೆ, ಮಗುವಿಗೆ ಸ್ನಾನ ಮಾಡಿಸಿ ಹಚ್ಚಿದ ಹಾಗೆ, ಬೆಳ್ಳಗೆ ಪೌಡರು. ಡಬ್ಬಿ ಕಿಟಕಿಯಲ್ಲೇ ಇತ್ತು.

ಹಿಂದೆ ಏಣಿ ಕಿರುಗುಟ್ಟಿತು. ಚಿಕ್ಕಪ್ಪ.

"ಇಲ್ಯಾಕೆ ಬಂದೆ ಪುಟ್ಟಿ? ಕೊಳೆ ಇದೆ."

ಅವಳು ಉರುಳೆಯ ಕಡೆ ನೋಡಿದಳು. ಅವನೂ ನೋಡಿದ. ಸ್ವಲ್ಪ ಹೊತ್ತು ಸುಳ್ಳು ಹುಡುಕಿ, ಸಿಗದೆ, ಉಪಕರಣಗಳ ಪೆಟ್ಟಿಗೆಯ ಮೇಲೆ ಕುಸಿದ. ಪೌಡರು ಎಣ್ಣೆಯನ್ನು ಹೀರಿಕೊಳ್ಳುತ್ತದೆ, ಒಂದೆರಡು ದಿನ ಹಿಡಿತ ಬರುತ್ತದೆ, ಹಾಗೇ ನಡೆಸಿಕೊಂಡು ಬಂದೆ ಅಂದ. ಪಟ್ಟಿ ಬದಲಾಯಿಸಲು ಲಿಫ್ಟು ಕೆಲವು ದಿನ ನಿಲ್ಲಿಸಬೇಕು. ನಿಲ್ಲಿಸಿದರೆ ನೀನೂ ನಿಮ್ಮಣ್ಣನ ಹಾಗೆ ಶುರುಮಾಡಿದೆಯಾ ಅನ್ನುತ್ತಾರೆ. ಆ ಒಂದು ಮಾತು ಕೇಳಬಾರದು ಅಂತಲೇ ತಾನು ಇಷ್ಟು ದಿನ ಬದುಕಿದ್ದು.

"ನಾಳೆ ಬೆಳಗ್ಗೆ ನಾನೇ ಬೀಗ ಹಾಕ್ತೀನಿ. ಪಟ್ಟಿ ಹಾಕಿ, ಎಣ್ಣೆ ಸೋರೋದು ನಿಲ್ಲಿಸಿ, ನಿಮ್ಮಪ್ಪ ಇಟ್ಟಿದ್ದ ಹಾಗೇ ಇಡ್ತೀನಿ. ಇವತ್ತು ಒಂದೇ ಒಂದು ಸಲ ಇಳೀಲಿ. ಮೆಟ್ಟಿಲ ತಿರುವಲ್ಲಿ ಹೊರೋ ಹಲಗೆ ತಿರುಗಲ್ಲ, ನಿಂಗೇ ಗೊತ್ತು. ಅಣ್ಣನ್ನ ಗೋಣಿ ಥರ ಮಡಚಿ ಇಳಿಸ್ಲಾ?"

ಅವಳು ಕಿಟಕಿಯಲ್ಲಿದ್ದ ಡಬ್ಬಿಯ ಮುಚ್ಚಳ ಒತ್ತಿ ಹಾಕಿದಳು.

"ಇದು ಹೊರಗೆ ಬಿದ್ರೆ ನನ್ನ ಕೆಲಸ ಹೋಯ್ತು. ನಂದು ಹೋಗ್ಲಿ. ಈ ಮನೆ? ಅತ್ತಿಗೇನ ಎಲ್ಲಿ ಕೂರಿಸ್ತೀಯ?" ಅದು ಬೆದರಿಸುವ ದನಿಯಲ್ಲ. ಅವನೇ ಬೆದರಿದ್ದ. "ನಡೆಯುತ್ತೆ ಅಲ್ವಾ? ನೀನೇ ಹೇಳು. ನಿಂಗೆ ಕಲಿಸಿದ್ದಾನಲ್ಲ."

ಅವಳ ತಲೆ ಅಲುಗಿತು. ಅದು ಹೂಂ ಅಂತಲೂ ಅಲ್ಲ, ಊಹೂಂ ಅಂತಲೂ ಅಲ್ಲ.

ಪಕ್ಕದಲ್ಲೇ ಮೋಟರು ಹೊರಟಿತು. ಯಾರೋ ಕೆಳಗಿನಿಂದ ಕರೆದಿರಬೇಕು. ಗಾಲಿ ತಿರುಗಿತು, ಹಗ್ಗ ಓಡಿತು, ಮೋಟರು ನಿಂತಿತು. ಅವರ ಕಾಲಿನ ಕೆಳಗಿನಿಂದ, ಸೂರಿನ ಆ ಕಡೆಯಿಂದ, ಮಂಚದ ಪಟ್ಟಿಯ ಸದ್ದು ಬಂತು. ಬ್ರೇಕಿನ ತೋಳುಗಳು ಉರುಳೆಯನ್ನು ಅಪ್ಪಿದವು. ಬಿಳಿ ಪೌಡರು ಸಣ್ಣ ಮೋಡವಾಗಿ ಎದ್ದಿತು. ಆ ಮೋಡದೊಳಗೆ, ಅಪ್ಪಿದ ತೋಳುಗಳ ನಡುವೆಯೇ, ಉರುಳೆ ಇನ್ನೂ ಮೆಲ್ಲಗೆ ತಿರುಗುತ್ತಿತ್ತು.

ಚಿಕ್ಕಪ್ಪ ನೋಡುತ್ತಿದ್ದದ್ದು ಉರುಳೆಯನ್ನಲ್ಲ, ನೆಲವನ್ನು. "ಅದೇನು ಸದ್ದು?" ಎಂದು ಕೇಳಿದ. "ಕೆಳಗೆ ಯಾರು ತಟ್ತಿರೋದು?"

* * *

ಗಾಡಿ ಬಂತು. ಗಾಡಿಯ ಜೊತೆ ಬಂದ ಇಬ್ಬರು ಗಟ್ಟಿಮುಟ್ಟಾದ ಆಳುಗಳು ಲಿಫ್ಟಿನ ಅಗಲ ಅಳೆದು, ಮಲಗಿಸಿಕೊಂಡು ಹೋಗಲು ಆಗುವುದಿಲ್ಲ, ನಿಲ್ಲಿಸಿಯೇ ಒಯ್ಯಬೇಕು ಅಂದರು. ಅಪ್ಪನನ್ನು ಹೊದಿಕೆ ಸಮೇತ ಹಲಗೆಗೆ ಕಟ್ಟಿದರು. ಎತ್ತಿ ನಿಲ್ಲಿಸಿದಾಗ ಅವನು ಬಹಳ ದಿನಗಳ ಮೇಲೆ ಎಲ್ಲರಿಗಿಂತ ಎತ್ತರವಾಗಿ ಕಂಡ. ಎರಡು ಕಡೆ ಗಾಡಿಯ ಆಳುಗಳು, ಬೆನ್ನಿಗೆ ಚಿಕ್ಕಪ್ಪ, ಆಮೇಲೆ ಕಾರ್ಯದರ್ಶಿ, ಮೂರನೇ ಮಹಡಿಯ ದಪ್ಪ ದರ್ಜಿ. ಒಬ್ಬೊಬ್ಬರಾಗಿ ಒಳಗೆ ಸೇರಿಕೊಂಡರು. ಅಷ್ಟು ಜನರ ನಡುವೆ ಕಣ್ಣು ಮುಚ್ಚಿ ನಿಂತ ಅಪ್ಪ ತನ್ನ ಮಹಡಿ ಬರುವುದನ್ನು ಕಾಯುತ್ತಿರುವವನಂತೆ ಇದ್ದ. ಅಮ್ಮ ಬಾಗಿಲಲ್ಲಿ ನಿಂತು, ನಿಧಾನ, ನಿಧಾನ ಅನ್ನುತ್ತಿದ್ದಳು, ಯಾರಿಗೆಂದು ಅವಳಿಗೂ ಗೊತ್ತಿರಲಿಲ್ಲ.

ಹೊದಿಕೆಯ ಅಂಚು ಕಂಬಿಬಾಗಿಲಿನ ಹಳಿಗೆ ಸಿಕ್ಕಿತ್ತು. ಅದನ್ನು ಬಿಡಿಸಲು ಅವಳು ಮುಂದೆ ಬಂದು ಬಗ್ಗಿದಳು. ಒಂದು ಪಾದ ಒಳಗೆ, ಒಂದು ಪಾದ ಹೊರಗೆ. ಬಟ್ಟೆ ಬಿಡಿಸಿದಳು. ಎದ್ದು ನಿಲ್ಲುವಾಗ ಒಳಗಿನ ಪಾದ ಇಟ್ಟಲ್ಲಿ ಇರಲಿಲ್ಲ.

ನೆಲ ಇಳಿಯುತ್ತಿತ್ತು. ಬೆರಳಿನ ದಪ್ಪ, ಎರಡು ಬೆರಳಿನ ದಪ್ಪ. ಬೂಟು ಚಪ್ಪಲಿ ಹಾಕಿದವರಿಗೆ ಅದು ತಿಳಿಯುವಂತಿರಲಿಲ್ಲ. ಕಾರ್ಯದರ್ಶಿ ದರ್ಜಿಯ ಹೊಟ್ಟೆಯ ಬಗ್ಗೆ ಪಿಸುದನಿಯಲ್ಲಿ ಏನೋ ಹೇಳುತ್ತಿದ್ದರು, ದರ್ಜಿ ಉಸಿರು ಒಳಗೆಳೆದುಕೊಂಡು ಜಾಗ ಮಾಡುತ್ತಿದ್ದ. ಅಪ್ಪನ ಹೆಗಲ ಮೇಲಿಂದ ಚಿಕ್ಕಪ್ಪನ ಕಣ್ಣು ಅವಳ ಕಣ್ಣನ್ನು ಸಂಧಿಸಿತು. ಅವನ ಹಣೆಯ ಮೇಲೆ ಪೌಡರಿನ ಬಿಳಿ ಗೆರೆಯೊಂದು ಹಾಗೇ ಉಳಿದಿತ್ತು. ಅವನ ಕೈ ಬಾಗಿಲಿನ ಹಿಡಿಯ ಕಡೆಗೆ ಚಾಚಿತು.

"ಕಾಲು ತೆಗಿ ಪುಟ್ಟಿ."

ಅವಳು ಕಾಲು ತೆಗೆಯಲಿಲ್ಲ. ಮನೆ, ಅಮ್ಮ, ಚಿಕ್ಕಪ್ಪನ ಕೆಲಸ, ಎಲ್ಲ ಒಟ್ಟಿಗೆ ನೆನಪಾದವು. ಪೂರ್ತಿ ಗೊತ್ತಿದೆಯೇ ಎಂಬ ಹಳೆಯ ಪ್ರಶ್ನೆ ಮಾತ್ರ ಎಷ್ಟು ತಡಕಿದರೂ ಸಿಗಲಿಲ್ಲ.

"ಬ್ರೇಕು ಹಿಡೀತಿಲ್ಲ, ಚಿಕ್ಕಪ್ಪ" ಅಂದಳು.

ದನಿ ಸಣ್ಣದಾಗಿಯೇ ಬಂತು. ಆದರೂ ಮೆಟ್ಟಿಲ ಕೆಳಗಿನ ತಿರುವಿನಲ್ಲಿ ನಿಂತವರವರೆಗೂ ಕೇಳಿಸಿತು. ಎಲ್ಲರ ಕಣ್ಣೂ ಅವಳ ಮುಖಕ್ಕೆ ಬಂದು, ಅಲ್ಲಿಂದ ಜಾರಿ, ಒಂದು ಮೇಲೆ ಒಂದು ಕೆಳಗೆ ನಿಂತಿದ್ದ ಅವಳ ಪಾದಗಳಿಗೆ ಬಂದು ನಿಂತವು. ಚಿಕ್ಕಪ್ಪನೂ ನೋಡಿದ. ಅವನ ಕೈ ಹಿಡಿಯಿಂದ ಕೆಳಗಿಳಿಯಿತು.

"ಇಳೀರಿ" ಅಂದ ಅವನು, ಯಾರ ಮುಖವನ್ನೂ ನೋಡದೆ. "ಒಬ್ಬೊಬ್ಬರಾಗಿ ಇಳೀರಿ. ಅಣ್ಣನ್ನ ನಾನು ಹಿಡ್ಕೊಂಡಿರ್ತೀನಿ."

ದರ್ಜಿ ಹೊರಬಂದ. ಅವಳ ಪಾದದ ಕೆಳಗೆ ನೆಲದ ಇಳಿತ ನಿಂತಿತು. ಕಾರ್ಯದರ್ಶಿ ಗೋಡೆ ಹಿಡಿದುಕೊಂಡು ಹೊರಬಂದರು. ನೆಲ ಮೆಲ್ಲಗೆ, ಉಸಿರು ತುಂಬಿಕೊಳ್ಳುವ ಎದೆಯ ಹಾಗೆ, ಮೇಲೇಳತೊಡಗಿತು. ಗಾಡಿಯ ಆಳುಗಳಲ್ಲಿ ಒಬ್ಬ, ಆಮೇಲೆ ಇನ್ನೊಬ್ಬ. ಈಗ ಒಳಗೆ ಉಳಿದವರು ಅಣ್ಣತಮ್ಮಂದಿರಿಬ್ಬರೇ. ತಮ್ಮ ಅಣ್ಣನನ್ನು ಹಿಂದಿನಿಂದ ತೆಕ್ಕೆಯಲ್ಲಿ ಹಿಡಿದು, ಅವನ ಹೆಗಲಿಗೆ ಮುಖವಿಟ್ಟು ನಿಂತಿದ್ದ. ಅವರಿಬ್ಬರ ಕೆಳಗಿನ ನೆಲ ಏರುತ್ತ ಏರುತ್ತ ಬಂದು ಹೊರಗಿನ ನೆಲವನ್ನು ಕೂಡಿತು. ಒಂದು ಕ್ಷಣ ಅವಳ ಎರಡೂ ಅಂಗಾಲಿಗೆ ಯಾವ ವ್ಯತ್ಯಾಸವೂ ತಿಳಿಯಲಿಲ್ಲ. ಆಮೇಲೆ ಒಳಗಿನ ಪಾದ, ಕೂದಲೆಳೆಯಷ್ಟು, ಮತ್ತೆ ಮೇಲೇರಿತು.